ಲೋಟ ಹಿಡಿದು ಹೊರಬಿದ್ದ ಹುಡುಗಿ

ಲಿಂಗಸುಗೂರಿನಲ್ಲಿ ನಡೆದ ತರಬೇತಿಯೊಂದರಲ್ಲಿ, ಊಟದ ಹೊತ್ತಿಗೆ, ಮಸ್ಕಿಯ ಗೆಳತಿ ಕೇಳಿದಳು: "ಖರೆ ಹೇಳು, ಈ ಕೆಲಸದಾಗ ನಿನಗ ಸಮಾಧಾನ ಐತೇನು?" ಅವಳೂ ನನ್ನಂತೆ ವಿಶೇಷ ಶಿಕ್ಷಕಿ. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವುದು ನಮ್ಮ ಕೆಲಸ.

"ಐತಿ ಬಿಡು" ಅಂದೆ. ಸುಳ್ಳಲ್ಲ. ತುರ್ವಿಹಾಳದ ಹುಡುಗಿಯೊಬ್ಬಳು ಆಗಷ್ಟೇ ಲೋಟದ ಪಾಠ ಕಲಿತಿದ್ದಳು. ಮಾತು ಬಾರದ, ಹೆಸರು ಹಿಡಿದು ಕೂಗಿದರೂ ತಿರುಗದ ಮಗು ಅದು. ಬಾಯಾರಿದರೆ ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದಳು. ನೀರು ತಾನೇ ಮೊಗೆದುಕೊಳ್ಳಬಾರದು, ಲೋಟವನ್ನು ಯಾರದಾದರೂ ಕೈಗೆ ಕೊಟ್ಟು ಕಾಯಬೇಕು ಎಂದು ಕಲಿಸಲು ನನಗೆ ಒಂದಿಡೀ ವರ್ಷ ಹಿಡಿಯಿತು. ನನಗೆ ಬೇಕಿದ್ದದ್ದು ಅವಳು ಇನ್ನೊಂದು ಜೀವದ ಕಡೆ ತಿರುಗುವುದು. ಮೊದಲ ಸಲ ಲೋಟ ನನ್ನ ಕೈಗೆ ಬಂದ ದಿನ ಸಿಂಧನೂರಿನವರೆಗೂ ಸ್ಕೂಟಿಯ ಮೇಲೆ ಒಬ್ಬಳೇ ನಗುತ್ತಾ ಬಂದಿದ್ದೆ. ನಾನು ಮೊದಲೇ ಅಂಜುಬುರುಕಿ. ಇಷ್ಟು ಖುಷಿ ನನಗೆ ದಕ್ಕುತ್ತದೆಯೇ ಎಂದು ಅವತ್ತೇ ಪುಕುಪುಕು ಶುರುವಾಗಿತ್ತು.

ತರಬೇತಿ ಮುಗಿದ ಮರುವಾರ ಅವಳ ಮನೆಗೆ ಹೋದೆ. ನೆಲ್ಲು ಹಚ್ಚುವ ದಿನಗಳು. ತಾಯಿ ಗದ್ದೆಗೆ ಹೋಗಿದ್ದಳು. ಬಾಗಿಲು ಹಾರು ಹೊಡೆದಿತ್ತು. ಜ್ವರದ ಅಜ್ಜಿ ಮೈಮರೆತು ಮಲಗಿದ್ದಳು. ಹುಡುಗಿ ಇರಲಿಲ್ಲ. ಲೋಟವೂ ಇರಲಿಲ್ಲ.

ನನಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. ಅಜ್ಜಿಯ ಕೈ ಏಳಲಿಲ್ಲ, ಮಗು ಇನ್ನೊಂದು ಕೈ ಹುಡುಕಿಕೊಂಡು ಹೋಗಿದೆ. ಓಣಿಯ ಹೆಂಗಸರು ಅವಳ ಹೆಸರು ಕೂಗತೊಡಗಿದರು. "ಕೂಗಬ್ಯಾಡ್ರೀ, ಆಕಿ ತಿರಗಂಗಿಲ್ಲ!" ಎಂದು ನಾನು ಅವರ ಮೇಲೆ ಹರಿಹಾಯ್ದೆ. ಪಾಪ, ಅವರಾದರೂ ಏನು ಮಾಡಿಯಾರು? ನಾನು ಕಾಲುವೆಯತ್ತ ಓಡಿದೆ. ಕಾಲುವೆ ತುಂಬಿ ಹರಿಯುತ್ತಿತ್ತು. ಆ ಕೆಂಪು ನೀರಿನ ದಡ ಹಿಡಿದು ಹುಡುಕುತ್ತಾ ಹೋದೆ.

ಬಟ್ಟೆ ಒಗೆಯುವ ಮೆಟ್ಟಿಲ ಮೇಲೆ ಅವಳಿದ್ದಳು. ಪಾದಗಳು ನೀರಿನಲ್ಲಿ ಮುಳುಗಿದ್ದವು. ಆದರೆ ಲೋಟ ನೀರಿಗೆ ಇಳಿದಿರಲಿಲ್ಲ. ಒಗೆಯುತ್ತಿದ್ದ ಹೆಂಗಸಿನ ಮುಂದೆ ಅದನ್ನು ಚಾಚಿ ಕಾಯುತ್ತಿದ್ದಳು.

"ಆಗಿಂದ ಹಿಂಗ ನಿಂತೈತ್ರಿ, ಏನೂ ಅನ್ನವಲ್ದು" ಅಂದಳು ಆ ಹೆಂಗಸು. ಅವಳ ಕೊನೆಯ ಸೀರೆ ಹಿಂಡಿ ಮುಗಿದಿತ್ತು, ಬುಟ್ಟಿ ಎತ್ತುವುದೊಂದೇ ಬಾಕಿ. ಅವಳು ಎದ್ದು ಹೋಗಿದ್ದರೆ? ಮಗುವನ್ನು ಅವುಚಿಕೊಂಡು ಅಲ್ಲೇ ಕುಳಿತು ಅತ್ತೆ.

ಸುದ್ದಿ ಕೇಳಿ ತಾಯಿ ಕೆಸರುಗಾಲಲ್ಲೇ ಓಡಿ ಬಂದಳು. ಮಗಳಿಗೆ ಒಂದೇಟು ಹಾಕಿ, ಆಮೇಲೆ ತಬ್ಬಿಕೊಂಡು, ನನ್ನ ಕಡೆ ನೋಡಿದಳು. "ಮೊದಲು ಗ್ವಾಡಿಗೆ ತಲಿ ಬಡಕೊಂತಿದ್ಲು ಮೇಡಂ. ಆದ್ರ ಮನ್ಯಾಗ ಇರ್ತಿದ್ಲು."

ಲೋಟ ಚಾಚಿ ಕಾಯುವುದು ಕಲಿತದ್ದಕ್ಕೇ ಅವಳು ನೀರಿಗೆ ಬಗ್ಗಲಿಲ್ಲ ಎಂಬ ಮಾತು ನನ್ನ ಬಾಯಿತನಕ ಬಂತು. ಆ ತಾಯಿಯ ಮುಖ ನೋಡಿ ನುಂಗಿಕೊಂಡೆ. ಇಬ್ಬರ ಮಾತೂ ಖರೆಯೇ ಆಗಿತ್ತು.

ಮಗುವನ್ನು ಮನೆಗೆ ಕರೆತಂದು ನಾನು ಹೊರಡುವಾಗ ತಾಯಿಯೇ ಬಾಗಿಲ ತನಕ ಬಂದಳು. ಸಿಟ್ಟು ಇಳಿದಿತ್ತು. "ಮೇಡಂ, ಇಷ್ಟು ಕಲಿಸೀರಿ. ಇನ್ನ ಆಕಿಗೆ ಅಂಜೂದು ಕಲಿಸ್ರಿ" ಅಂದಳು.

ಆಯಿತು ಅಂದೆ. ಈಗಲೂ ವಾರವಾರ ಹೋಗುತ್ತೇನೆ. ಅಪರಿಚಿತರ ಮುಂದೆಯೂ ಕೈ ಚಾಚಲು ಕಲಿತ ಮಗುವಿಗೆ ಅಂಜಿಕೆಯನ್ನು ಎಲ್ಲಿಂದ ಶುರುಮಾಡಿ ಕಲಿಸಬೇಕೋ ತಿಳಿಯದೆ, ಇನ್ನೂ ಆ ಪಾಠಕ್ಕೆ ಕೈ ಹಾಕಿಲ್ಲ. ತುರ್ವಿಹಾಳದಿಂದ ಫೋನ್ ಬಂದರೆ ಮಾತ್ರ, ಎತ್ತುವ ಮೊದಲೇ ನನ್ನ ಎದೆ ಧಸಕ್ಕೆನ್ನುತ್ತದೆ.