ಗಂಗಿಗೆ ಸಿಗದ ಮಣ್ಣು

ಟ್ರಂಕಿನ ಮುಚ್ಚಳ ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಇಷ್ಟು ವಯಸ್ಸಾದ ಮೇಲೂ ನನ್ನ ಕೈ ಅಲ್ಲೇ ನಿಲ್ಲುತ್ತದೆ. ನಿಮಗೆ ಅದು ರೇಷ್ಮೆ ಸೀರೆಯ ನೆನಪು ತರಬಹುದು, ನನಗೆ ಗಂಗಿಯದು. ಗಂಗಿ ಭಾಲ್ಕಿಯ ನಮ್ಮ ಮನೆಯಲ್ಲಿ ಬೆಳೆದ ಜಿಂಕೆ, ನಮ್ಮ ಕಡೆಯ ಮಾತಿನಲ್ಲಿ ಚಿಗರಿ. ಸಾಯಗಾಂವದ ಹೊಲದಲ್ಲಿ ತಾಯಿಯಿಲ್ಲದೆ ಬಿದ್ದಿದ್ದ ಮರಿಯನ್ನು ಅಪ್ಪನ ತಾಯಿ, ನಮ್ಮ ಆಯಿ, ಸೆರಗಿನಲ್ಲಿ ಹೊತ್ತು ತಂದು, ಹಾಲಿನಲ್ಲಿ ಅರಳೆಯ ಬತ್ತಿ ಅದ್ದಿ ಕುಡಿಸಿ ಬದುಕಿಸಿದ್ದಳು. ನಾಯಿ ಕಚ್ಚಿ ಎಡಗಿವಿ ಸೀಳಿದಾಗ ಅರಿಶಿಣ ಒತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಲಿಂಗಪೂಜೆ ಮುಗಿಸಿ ಆಯಿ ವಿಭೂತಿ ಹಚ್ಚಿಕೊಳ್ಳುವಾಗ ಅದೂ ಹಣೆ ಮುಂದೆ ಚಾಚುತ್ತಿತ್ತು, ನಿಜ ಹೇಳುತ್ತೇನೆ. ಆ ಮನೆ ಈಗಿಲ್ಲ. ಗಂಗಿ ಮೈ ತಿಕ್ಕಿ ನುಣುಪಾಗಿದ್ದ ಪಡಸಾಲೆಯ ಕಂಬವೂ ಇಲ್ಲ. ತಾಲ್ಲೂಕಿನ ದೊಡ್ಡ ಸಾಹೇಬನ ಕಣ್ಣು ಗಂಗಿಯ ಮೇಲೆ ಬಿತ್ತು. ಬಂಗಲೆಯ ತೋಟಕ್ಕೆ ಬೇಕೆಂದು ಹೇಳಿ ಕಳಿಸಿದ. ನಿಜಾಮರ ಕಾಲದಲ್ಲಿ ಇಲ್ಲ ಎನ್ನುವ ಧೈರ್ಯ ಯಾರಿಗಿತ್ತು? ಅವನಿಗೆ ವರ್ಗವಾದ ಮೇಲೆ ಗಂಗಿ ಏನಾಯಿತೆಂದು ಯಾರೂ ಹೇಳಲಿಲ್ಲ. ಅವನ ಹೊಟ್ಟೆ ತಣ್ಣಗಿರಲಿ ಎನ್ನಲು ನನಗೆ ಇಂದಿಗೂ ಮನಸ್ಸಾಗುವುದಿಲ್ಲ.

ಮುಂದೆ ಒಂದು ಮದುವೆಗೆಂದು ಹೈದರಾಬಾದಿಗೆ ಹೋದಾಗ ಅಪ್ಪ ನಮ್ಮನ್ನು ಅಜಾಯಬಘರಕ್ಕೆ, ಅಂದರೆ ಅಲ್ಲಿನ ವಸ್ತುಸಂಗ್ರಹಾಲಯಕ್ಕೆ, ಕರೆದೊಯ್ದರು. ಸತ್ತ ಪ್ರಾಣಿಗಳ ತೊಗಲಿಗೆ ಹುಲ್ಲು ತುಂಬಿ ನಿಲ್ಲಿಸಿದ್ದ ಕೋಣೆ; ಒಳಗೆಲ್ಲ ಇದೇ ನುಸಿಗುಳಿಗೆಯ ವಾಸನೆ. ಹುಲಿಯ ಮುಂದೆ ನಾನು ಬಾಯಿ ತೆರೆದು ನಿಂತಿದ್ದರೆ, ಆಯಿ ಗಾಜಿನ ಪೆಟ್ಟಿಗೆಯೊಂದರ ಮುಂದೆ ಕದಲದೆ ನಿಂತಿದ್ದಳು. ಒಳಗೆ ಎಡಗಿವಿ ಸೀಳಿದ ಚಿಗರಿ.

“ಅವ್ವಾ, ಕಿವಿ ಹರಿದ ಚಿಗರಿ ಎಷ್ಟೋ ಇರ್ತಾವ. ನಡಿ,” ಎಂದರು ಅಪ್ಪ.

“ನಾ ಅರಿಶಿಣ ಒತ್ತಿದ ಕಿವಿ ನನಗ ಗುರ್ತು ಸಿಗಲ್ಲೇನು?” ಎಂದ ಆಯಿ ಮುದಿ ಕಾವಲುಗಾರನ ಕಡೆ ತಿರುಗಿದಳು. “ಸಾಹೇಬ್ರ, ಇದು ನಮ್ಮನಿ ಕೂಸದರಿ. ಕೊಡ್ರಿ, ಒಯ್ದು ಮಣ್ಣು ಕೊಡ್ತೇನಿ.”

ಅಪ್ಪ ನಾಚುತ್ತಲೇ ಅದನ್ನು ಅವನಿಗೆ ದಖ್ಖನಿ ಉರ್ದುವಿನಲ್ಲಿ ಹೇಳಿದರು. ಅವನು ನಗಲಿಲ್ಲ. ನಮ್ಮಲ್ಲಿ ಸತ್ತವರನ್ನು ಹೂಳುವಾಗ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ, ಅವನಂಥ ಮುಸಲ್ಮಾನರಲ್ಲೂ ಹಾಗೇ. “ಮಿಟ್ಟಿ ನಸೀಬ್ ನೈ ಹುಯಿ ಇಸ್ಕು, ಅಮ್ಮಾ,” ಎಂದ. ಮಣ್ಣಿನ ಭಾಗ್ಯ ಇದಕ್ಕಿಲ್ಲ ಎಂದು. ಕೊಡುವುದು ಅವನ ಕೈಯಲ್ಲಿರಲಿಲ್ಲ. ಆಯಿ ಸಂಚಿಯಿಂದ ವಿಭೂತಿ ತೆಗೆದು ಗಾಜಿನ ಮೇಲೆ, ಅದರ ಹಣೆಯ ನೇರಕ್ಕೆ ಹಚ್ಚಿದಳು. ಅವನು ಬೇರೆ ಕಡೆ ನೋಡಿದ.

ಅದು ಗಂಗಿಯೇ ಹೌದೋ ಅಲ್ಲವೋ, ನನಗೆ ಗೊತ್ತಿಲ್ಲ. ಊರಿಗೆ ಬಂದ ಆಯಿ ಮಾತ್ರ ಮೊದಲಿನಂತಾಗಲಿಲ್ಲ. ಊಟಕ್ಕೆ ಕೂತವಳು ತುತ್ತು ಎತ್ತದೆ “ಅದು ಇನ್ನಾ ನಿಂತೇ ಅದ,” ಎನ್ನುತ್ತಿದ್ದಳು.

ಆಯಿ ಲಿಂಗೈಕ್ಯಳಾದಾಗ ನಮ್ಮ ಪದ್ಧತಿಯಂತೆ ಕೂಡಿಸಿ ಮಣ್ಣು ಕೊಟ್ಟೆವು. ನನ್ನ ಹಿಡಿ ಹಾಕಿದ ಮೇಲೆ ನಾನು ಮತ್ತೆ ಬಗ್ಗಿದೆ. “ಎರಡೆರಡು ಸಲ ಯಾಕ?” ಎಂದರು ಯಾರೋ.

“ಇದು ಗಂಗಿದು,” ಎಂದೆ.

ಅಪ್ಪ ನನ್ನನ್ನೇ ನೋಡಿದರು. ಆಮೇಲೆ ತಾವೂ ಬಗ್ಗಿ ಇನ್ನೊಂದು ಹಿಡಿ ಮಣ್ಣು ತೆಗೆದುಕೊಂಡರು.