ಲಗ್ನಪತ್ರಿಕೆಯಲ್ಲಿ ಒಂದು ‘ದಿ.’

ನಾನು ದೇವದುರ್ಗದ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತೇನೆ. ಟೈಪ್ ಅನ್ನುವುದು ಬರೀ ಮಾತಿಗೆ. ಯಾರದೋ ಹಳೇ ಪತ್ರಿಕೆ ತೆರೆದು, ಹೆಸರು, ಊರು, ಮುಹೂರ್ತ ಬದಲಿಸಿ ಕೊಡುವುದೇ ನಮ್ಮಲ್ಲಿ ಪದ್ಧತಿ. ಒಮ್ಮೆ ಹೊಡೆದ ಹೆಸರನ್ನು ಕಾಪಿ ಮಾಡಿ ಉಳಿದ ಕಡೆ ಪೇಸ್ಟ್ ಮಾಡಿದರೆ ಮುಗಿಯಿತು. ಇಷ್ಟು ವರ್ಷ ಕೈ ತನ್ನ ಪಾಡಿಗೆ ತಾನು ಈ ಕೆಲಸ ಮಾಡುತ್ತಿತ್ತು.

ಗಿರಾಕಿಗಳ ಪೆನ್‌ಡ್ರೈವಿನಿಂದ ವೈರಸ್ ಹತ್ತಿ ಹತ್ತಿ ಕಂಪ್ಯೂಟರು ಕೈಕೊಟ್ಟಿತು. ರಾಯಚೂರಿನಿಂದ ಬಂದ ರಿಪೇರಿಯವನು ಹಳೇ ಸಿಸ್ಟಮ್ ತೆಗೆದು, ಪುಕ್ಕಟೆ ಸಿಗುವ ಬೇರೊಂದನ್ನು ಹಾಕಿ, "ಇದಕ್ಕ ವೈರಸ್ ಕಾಟ ಇಲ್ರಿ ಮೇಡಂ" ಎಂದು ಹೇಳಿ ಹೋದ. ನನಗೆ ಕಾಟ ಆಮೇಲೆ ಶುರುವಾಯಿತು. ಇದರಲ್ಲಿ ಅಕ್ಷರಗಳನ್ನು ಮೌಸಿನಿಂದ ಸೆಲೆಕ್ಟ್ ಮಾಡಿದರೆ ಸಾಕು, ಹೇಳದೆ ಕೇಳದೆ ಕಾಪಿ ಆಗಿಬಿಡುತ್ತವೆ. ಮೌಸಿನ ಚಕ್ರ ಒತ್ತಿದರೆ ಪೇಸ್ಟ್. ಹೊಸದಾಗಿ ಬಂದ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ! ಪುಟ ಸರಿಸುವಾಗ ಬೆರಳು ಒಂಚೂರು ಬಿಗಿಯಾದರೂ ಎಲ್ಲಿಯದೋ ಎಲ್ಲಿಗೋ ಬಂದು ಕೂರುತ್ತದೆ. ಅದನ್ನು ಹುಡುಕಿ ಅಳಿಸುವುದರಲ್ಲೇ ಸಂಜೆಯಾಗುತ್ತದೆ. ಈ ವಯಸ್ಸಿನಲ್ಲಿ ನನ್ನ ಕೈಯಿಂದ ಆಗದು ಎಂದರೆ ಮಾಲಕರು ನಗುತ್ತಾರೆ. ನನಗೆ ನಗು ಬರುವುದಿಲ್ಲ, ಸಾಕಾಗಿದೆ.

ಅಂಥದರಲ್ಲಿ ಅರಕೇರಾದಿಂದ ಒಬ್ಬಾಕೆ ತನ್ನ ಅಪ್ಪನನ್ನು ಕರೆದುಕೊಂಡು ಬಂದಳು. ಅವಳ ತಂಗಿಯ ಮದುವೆ. ಅವ್ವ ಹೋದ ವರ್ಷ ತೀರಿಕೊಂಡಿದ್ದಳು. ಅಪ್ಪ ಆಸ್ಪತ್ರೆಯಿಂದ ಮೊನ್ನೆ ಮೊನ್ನೆ ಮನೆಗೆ ಬಂದಿದ್ದರು. ಅವರ ಕಣ್ಣೆದುರೇ ಆಗಲಿ ಎಂದು ಗಡಿಬಿಡಿಯಲ್ಲಿ ಇಟ್ಟುಕೊಂಡ ಲಗ್ನ ಅದು.

ತೀರಿಕೊಂಡವರ ಹೆಸರಿಗೆ ಪತ್ರಿಕೆಯಲ್ಲಿ ‘ದಿ.’ ಹಚ್ಚುತ್ತೇವೆ. ಅವ್ವನ ಹೆಸರಿಗೆ ಹಚ್ಚಿದೆ. ತುಸು ಸಣ್ಣದು ಮಾಡೋಣವೆಂದು ಅದನ್ನು ಸೆಲೆಕ್ಟ್ ಮಾಡಿದೆ. ಆಮೇಲೆ ಪುಟ ಸರಿಸಲು ಹೋಗಿ ಬೆರಳು ಚಕ್ರವನ್ನು ಒತ್ತಿತು. ‘ದಿ.’ ಹೋಗಿ ಅಪ್ಪನ ಹೆಸರಿಗೂ ಅಂಟಿಕೊಂಡಿತು.

"ಯಕ್ಕಾ, ಏನ್ ಮಾಡಾಕತ್ತೀರಿ? ನಮ್ಮಪ್ಪ ಇಲ್ಲೇ ಕುಂತಾನ್ರಿ!" ಎಂದು ಮಗಳು ಕೂಗಿದಳು.

"ತಪ್ಪಾತು ತಂಗಿ, ಹೊಸಾ ಸಿಸ್ಟಮ್ ಅದ" ಎನ್ನುತ್ತ ಅಳಿಸಿದೆ. ಅವಳು ಅತ್ತ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಿರಿಯರಿಗೆ ಸಿಟ್ಟು ಬರಲಿಲ್ಲ. ಕುರ್ಚಿ ಎಳೆದುಕೊಂಡು ಹತ್ತಿರ ಬಂದು, ಕನ್ನಡಕ ಏರಿಸಿ ನೋಡಿದರು.

"ಇಷ್ಟು ಸರಳ ಹೋಗ್ತದೇನು ಯವ್ವಾ ಅದು?"

"ಹೋತು ನೋಡ್ರಿ ಯಪ್ಪಾ."

ಅವರು ಹೆಂಡತಿಯ ಹೆಸರಿನ ಮೇಲೆ ಬೆರಳಿಟ್ಟರು. "ಹಂಗಾರ ಅಕಿದೂ ತಗಿ. ಒಂದು ಸಲ ನೋಡ್ತೀನಿ."

ತೆಗೆದೆ. ಗಂಡ ಹೆಂಡತಿಯ ಹೆಸರು ಒಂದರ ಪಕ್ಕ ಒಂದು ನಿಂತವು. ಮಗಳೂ ಇತ್ತ ತಿರುಗಿ ನೋಡಿದಳು.

"ಸಾಕವ್ವಾ, ಇನ್ನ ಹಾಕಿಬಿಡು" ಎಂದರು ಹಿರಿಯರು.

ನನಗೆ ಕೈ ಬರಲಿಲ್ಲ. ಸುಮ್ಮನೆ ಪರದೆ ನೋಡುತ್ತ ಕೂತೆ. ಕೊನೆಗೆ ಮಗಳೇ ನನ್ನ ಹೆಗಲು ಮುಟ್ಟಿ ಮೆಲ್ಲಗೆ ಹೇಳಿದಳು:

"ಹಾಕ್ರಿ ಯಕ್ಕಾ. ನೋಡಿದ ಮಂದಿ ಏನಂತಾರ."