ಹೆಬ್ಬಟ್ಟಿನ ಬಣ್ಣ

ಬನಹಟ್ಟಿಯಲ್ಲಿ ಹೊಸ ಸೀರೆ ಉಟ್ಟು ಮಲಕಾಜಪ್ಪನ ಮುಂದೆ ಹಾದುಹೋಗಲು ಹೆಂಗಸರು ಹಿಂದೆಮುಂದೆ ನೋಡುತ್ತಿದ್ದರು. ಕಾರಣ ನೀವು ತಿಳಿದಂಥದ್ದಲ್ಲ. ಆತ ಯಾರ ಮುಖವನ್ನೂ ನೋಡುವವನಲ್ಲ. ಸೆರಗು ನೋಡಿ, "ಈ ಹಸರ ಮೂರ ಸಲ ತೊಳಿಯೂದ್ರಾಗ ಹೋಗ್ತೈತಿ ನೋಡವ್ವಾ" ಎಂದು ನಡುಬೀದಿಯಲ್ಲೇ ಹೇಳಿಬಿಡುತ್ತಿದ್ದ. ಹೇಳಿದ ಹಾಗೆ ಅದು ಹೋಗಿಯೂ ಬಿಡುತ್ತಿತ್ತು. ಅವರಿಗೆ ಹೆಚ್ಚು ಸಿಟ್ಟು ಬರುತ್ತಿದ್ದದ್ದು ಅದಕ್ಕೇ.

ಅರವತ್ತಾರು ವರ್ಷದ ಈ ಮನುಷ್ಯ ನಲವತ್ತು ವರ್ಷದಿಂದ ಪಾರಿಸಪ್ಪ ಸಾವಕಾರರ ಸೀರೆ ವ್ಯಾಪಾರದಲ್ಲಿ ಬಣ್ಣಗಾರ. ನೂಲಿಗೆ ಬಣ್ಣ ಕೂಡಿಸುವುದು, ಕೊನೆಗೆ ನೋಡಿ ಪಾಸು ಮಾಡುವುದು ಆತನ ಕೆಲಸ. ಆತ ಪಾಸು ಅನ್ನದೆ ಒಂದು ಎಳೆ ನೂಲೂ ಮಗ್ಗಕ್ಕೆ ಹೋಗುವಂತಿರಲಿಲ್ಲ. ನೋಡುವುದಕ್ಕೂ ಒಂದು ಕಟ್ಟಳೆ. ಬೆಳಿಗ್ಗೆ ಹತ್ತು ಹೊಡೆದ ಮೇಲೆ ಅಂಗಡಿಯ ಉತ್ತರದ ಬಾಗಿಲಲ್ಲಿ ಒಂದು ಕುರ್ಚಿ. ಅಲ್ಲಿಗೆ ಬಿಸಿಲು ಬೀಳುವುದಿಲ್ಲ, ಬೆಳಕು ಮಾತ್ರ ಬರುತ್ತದೆ. ಮೈಮೇಲೆ ಬಿಳಿ ಅಂಗಿ, ಬಿಳಿ ಧೋತರ. ಬಣ್ಣದ ಅಂಗಿ ತೊಟ್ಟರೆ ಅದರ ನೆರಳು ನೂಲಿನ ಮೇಲೆ ಬೀಳುತ್ತದಂತೆ. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನೋಡುವವರನ್ನು ಆತ ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹೋದ ಬೇಸಿಗೆಯಲ್ಲಿ ಜಮಖಂಡಿಗೆ ಹೋಗಿ ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದ. ಎಡಗಣ್ಣಿನದು ಹಾಗೇ ಇತ್ತು.

ಇಂಥವನ ಬಾಳಿನಲ್ಲಿ ಲ್ಯಾಪ್‌ಟಾಪ್ ಬಂತು.

ತಂದವಳು ಪಾರಿಸಪ್ಪನ ಸೊಸೆ ತ್ರಿಶಲಾ. ಸೀರೆಯ ಫೋಟೊ ತೆಗೆದು ಫೋನಿನ ಮೇಲೆ ಮಾರುವ ವ್ಯಾಪಾರವನ್ನು ಎರಡು ವರ್ಷದಿಂದ ಅವಳೇ ನಡೆಸುತ್ತಿದ್ದಳು. ವ್ಯಾಪಾರ ಛಲೋ ಇತ್ತು, ಆದರೆ ಹತ್ತು ಸೀರೆ ಕಳಿಸಿದರೆ ಎರಡು ವಾಪಸ್ ಬರುತ್ತಿದ್ದವು. ಫೋಟೊದಾಗ ಒಂದು ಬಣ್ಣ, ಕೈಯಾಗ ಒಂದು ಬಣ್ಣ ಎಂಬುದು ಎಲ್ಲರ ತಕರಾರು. ಅದಕ್ಕೆಂದೇ ಅವಳು ಒಳ್ಳೆಯ ಪರದೆಯ ಲ್ಯಾಪ್‌ಟಾಪ್ ತರಿಸಿದಳು. ಅದರಲ್ಲಿ ಜರಿಯ ಎಳೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಜೊತೆಗೆ ಅಂಗೈಯಗಲದ ಒಂದು ಕರಿಯ ಡಬ್ಬಿಯೂ ಬಂತು. ಒಂದು ಬದಿಗೆ ಗಾಜಿನ ಕಣ್ಣು, ಕಣ್ಣಿಗೊಂದು ಮುಚ್ಚಳ, ಬಾಲದ ಹಾಗೆ ಒಂದು ವೈರು.

"ಇದೇನ ಯವ್ವಾ, ಇಲಿ?" ಎಂದು ಕೇಳಿದ ಮಲಕಾಜಪ್ಪ.

"ಬಣ್ಣಾ ಅಳಿಯೂ ಡಬ್ಬಿ ಕಾಕಾರ," ಎಂದಳು ತ್ರಿಶಲಾ. "ಒಂದೊಂದು ಪರದೆಗೆ ಒಂದೊಂದು ಚಾಳಿ ಇರ್ತೈತ್ರಿ. ಒಂದು ಕೆಂಪ ಜಾಸ್ತಿ ತೋರಸ್ತೈತಿ, ಒಂದು ನೀಲಿ ಜಾಸ್ತಿ. ಇದನ್ನ ಪರದೆ ಮ್ಯಾಲೆ ತೂಗಬಿಟ್ರ, ಪರದೆ ಒಂದೊಂದ ಬಣ್ಣಾ ತೋರಸ್ತೈತಿ, ಇದು ಅಳದು ಎಷ್ಟು ತಪ್ಪೈತಿ ಅಂತ ಬರಕೊಂತೈತಿ. ಆಮ್ಯಾಲೆ ಲ್ಯಾಪ್‌ಟಾಪ್ ಅಷ್ಟು ತಿದ್ದಿಕೊಂಡು ಖರೇ ಬಣ್ಣಾ ತೋರಸ್ತೈತಿ. ಆ ಬರಿಯೂದಕ್ಕ ಪ್ರೊಫೈಲ್ ಅಂತಾರ್ರಿ."

"ಇದರ ಕಣ್ಣ ತಪ್ಪಿದ್ರ ಯಾರ ತಿದ್ದಾವ್ರು?"

"ಇದು ತಪ್ಪಂಗಿಲ್ರಿ," ಎಂದು ತ್ರಿಶಲಾ ನಕ್ಕಳು.

ಮೊದಲ ಸಲ ಡಬ್ಬಿ ತೂಗಿಬಿಟ್ಟು ಅಳೆದ ದಿನ ಮಲಕಾಜಪ್ಪ ಒಂದು ಲಡಿ ನೂಲು ತಂದು, ತ್ರಿಶಲಾಳಿಂದ ಅದರ ಫೋಟೊ ತೆಗೆಸಿ, ನೂಲು ಹಿಡಿದುಕೊಂಡು ಬಾಗಿಲಿಗೂ ಲ್ಯಾಪ್‌ಟಾಪಿಗೂ ನಾಲ್ಕು ಸಲ ಅಡ್ಡಾಡಿದ. ತಪ್ಪು ಸಿಗಲಿಲ್ಲ. ನೂಲು ಎಂಥದೋ ಪರದೆಯ ಮೇಲೂ ಅಂಥದೇ. ಅದನ್ನು ಬಾಯಿಬಿಟ್ಟು ಹೇಳುವಷ್ಟು ದೊಡ್ಡ ಮನಸ್ಸು ಆತನಿಗೆ ಆ ದಿನ ಇರಲಿಲ್ಲ. ಪಾರಿಸಪ್ಪ ಮಾತ್ರ ಕಣ್ಣಾರೆ ಕಂಡು, "ಮಲಕಾಜಪ್ಪಾ, ದೀಪಾವಳಿ ಆರ್ಡರಿನಾಗ ಇದು ಹಿಂಗ ನಡೀತಂದ್ರ, ಮುಂದ ಪಾಸ್ ಮಾಡೂದು ಇದರ ಮ್ಯಾಲ ಇಡೂಣು. ನೀವೂ ಆರಾಮ ಕೂಡ್ರಿ, ಕಣ್ಣ ಬ್ಯಾರೆ ಆಪರೇಶನ್ ಆಗೈತಿ" ಎಂದ.

ಪಾರಿಸಪ್ಪ ಅಂದದ್ದು ಪ್ರೀತಿಯಿಂದಲೇ. ಮಲಕಾಜಪ್ಪನಿಗೆ ಕೇಳಿಸಿದ್ದು ಮಾತ್ರ ಬಾಗಿಲಲ್ಲಿದ್ದ ಕುರ್ಚಿಯನ್ನು ಯಾರೋ ಎತ್ತಿಕೊಂಡು ಹೋದ ಸಪ್ಪಳ. ಓದಿದ್ದು ನಾಲ್ಕನೆಯ ಇಯತ್ತೆ. ಹೊಲವಿಲ್ಲ, ಮಗ್ಗವಿಲ್ಲ. ಊರಲ್ಲಿ ನಾಲ್ಕು ಜನ ಗುರುತಿಸುತ್ತಿದ್ದದ್ದು ಆ ಎರಡು ಕಣ್ಣುಗಳಿಂದ. ಅವೂ ಬೇಡವಾದರೆ ತಾನು ಯಾರು ಎಂಬುದು ಆತನಿಗೆ ಹೊಳೆಯಲಿಲ್ಲ.

ಇಷ್ಟರಲ್ಲಿ ಮಹಾನವಮಿಯ ಖಂಡೆ ಪೂಜೆ ಬಂತು. ಅಂಗಡಿಯ ಖಂಡೆ ಪೂಜೆ ಮೊದಲಿನಿಂದಲೂ ಮಲಕಾಜಪ್ಪನದೇ. ತಕ್ಕಡಿ, ಬಣ್ಣದ ಹಂಡೆ, ಕತ್ತರಿ, ಸ್ಕೂಟರ್, ಎಲ್ಲಕ್ಕೂ ವಿಭೂತಿ ಎಳೆದು, ಅರಿಷಿಣ ಹಚ್ಚಿ, ಕುಂಕುಮ ಇಟ್ಟು ಬಂದ. ಕಡೆಗೆ ಡಬ್ಬಿಯ ಸರದಿ. ಆತನಿಗೆ ಅದರ ಮೇಲೆ ಹೊಟ್ಟೆಕಿಚ್ಚಿತ್ತು, ಖರೆ. ಆದರೂ ದುಡಿಯುವ ಸಾಮಾನನ್ನು ಪೂಜೆ ಇಲ್ಲದೆ ಬಿಡುವಷ್ಟು ಕೆಟ್ಟವನಲ್ಲ. ಕಷ್ಟ ಬಂದದ್ದು ಬೇರೆ ಕಡೆ: ಇದರ ಹಣೆ ಯಾವುದು? ತಿರುಗಿಸಿ ಮುರುಗಿಸಿ ನೋಡಿದ. ಮುಚ್ಚಳ ಸರಿಸಿದರೆ ಕಣ್ಣು ಇತ್ತು, ಅದರ ಮೇಲೆ ಹಣೆಗೆ ಜಾಗವೇ ಇರಲಿಲ್ಲ. ಕಣ್ಣಿದ್ದ ಕಡೆಯೇ ಮುಖ ಎಂದು ತೀರ್ಮಾನಿಸಿ, ಹೆಬ್ಬಟ್ಟಿನಿಂದ ನಟ್ಟನಡುವೆ ತೆಳ್ಳಗೆ ಅರಿಷಿಣ ಒತ್ತಿದ. ಮುಚ್ಚಳ ಮುಚ್ಚಿ, ಅದರ ಮೇಲೆ ಕುಂಕುಮ ಇಟ್ಟು, ಕೈಮುಗಿದ.

ಮರುದಿನ ತ್ರಿಶಲಾ ಮುಚ್ಚಳದ ಮೇಲಿನ ಕುಂಕುಮ ಒರೆಸಿದಳು. ತಿಂಗಳಿಗೊಮ್ಮೆ ಹೊಸದಾಗಿ ಅಳೆಯಬೇಕೆಂಬ ನಿಯಮದಂತೆ, ಗಡಿಬಿಡಿಯಲ್ಲಿ, ಕಣ್ಣಿನ ಕಡೆ ನೋಡದೆ ಡಬ್ಬಿಯನ್ನು ಪರದೆಗೆ ತೂಗಿಬಿಟ್ಟಳು. ಅಳತೆ ಮುಗಿದು ಎಲ್ಲವೂ ಸರಿಯಿದೆ ಎಂಬ ಹಸಿರು ಗುರುತೂ ಬಂತು.

ಬಾಗಿಲಿನಿಂದ ಒಳಗೆ ಬಂದ ಮಲಕಾಜಪ್ಪ ಪರದೆ ನೋಡಿ ನಿಂತುಬಿಟ್ಟ. ಬಿಳಿಯ ಹಾಳೆಯ ಚಿತ್ರ, ನೀಲಿ ಹೆಚ್ಚಾದ ಧೋತರದ ಹಾಗೆ ಕಾಣುತ್ತಿತ್ತು.

"ಯವ್ವಾ, ಇದಕ್ಕ ನೆಗಡಿ ಆಗೈತಿ."

"ಈಗ ಅಳದೇನ್ರಿ ಕಾಕಾರ, ಎಲ್ಲಾ ಬರೋಬರಿ ಐತಿ."

"ಬಿಳಿ ಬಿಳಿ ಇಲ್ಲ. ನೀಲಿ ಹೊಡ್ಯಾಕತ್ತೈತಿ."

ಪಾರಿಸಪ್ಪ ಕನ್ನಡಕ ಏರಿಸಿ ನೋಡಿದ. ಆತನಿಗೆ ಏನೂ ತಿಳಿಯಲಿಲ್ಲ. ಕುಳಿತು ನೋಡುತ್ತಿದ್ದರೆ ಯಾವ ಕಣ್ಣಾದರೂ ಎರಡು ನಿಮಿಷದಲ್ಲಿ ಅದಕ್ಕೇ ಒಗ್ಗಿಕೊಳ್ಳುತ್ತದೆ. "ಮಲಕಾಜಪ್ಪಾ, ಜಮಖಂಡಿಗೆ ಹೋಗಿ ಇನ್ನೊಮ್ಮೆ ಕಣ್ಣ ತೋರಿಸ್ಕೊಂಡ ಬರ್ರಿ" ಎಂದ.

ಆ ಮಾತು ನೇರ ಎದೆಗೆ ಬಡಿಯಿತು. ಮನೆಗೆ ಹೋದವನೇ ಎಡಗಣ್ಣು ಮುಚ್ಚಿ ಗೋಡೆ ನೋಡಿದ, ಬಲಗಣ್ಣು ಮುಚ್ಚಿ ಗೋಡೆ ನೋಡಿದ. ಬಲಗಣ್ಣಿಗೆ ಗೋಡೆ ಬೆಳ್ಳಗೆ, ಎಡಗಣ್ಣಿಗೆ ಚಹಾ ಸುರುವಿದಂತೆ. ಹಾಗಾದರೆ ಯಾವುದು ಖರೆ? ಊಟಕ್ಕೆ ಕುಳಿತಾಗ ತಾಟಿನ ಅಂಚಿಗೆ ಬಡಿಸಿದ್ದನ್ನು ತೋರಿಸಿ ಹೆಂಡತಿ ಸಾವಿತ್ರೆವ್ವನನ್ನು ಕೇಳಿದ: "ಇದು ಯಾವ ಬಣ್ಣ ಐತಿ ಹೇಳು?"

"ಚಟ್ನಿ ಬಣ್ಣ," ಎಂದಳು ಸಾವಿತ್ರೆವ್ವ.

"ಚಟ್ನಿ ಅಂದ್ರ ಯಾವ ಹಸರ? ಗಿಳಿ ಹಸರೋ, ಎಲಿ ಹಸರೋ?"

"ರೊಟ್ಟಿ ಆರಾಕತ್ತೈತಿ, ಸುಮ್ಮನ ತಿನ್ರಿ."

ಮಲಕಾಜಪ್ಪ ತಿಂದ. ರುಚಿ ಹತ್ತಲಿಲ್ಲ. ಅಂದಿನಿಂದ ಬೀದಿಯಲ್ಲಿ ಹೆಂಗಸರ ಸೀರೆಯ ಬಗ್ಗೆ ಮಾತಾಡುವುದನ್ನೂ ಬಿಟ್ಟ. ಊರಿನ ಹೆಂಗಸರಿಗೆ ಮುದುಕನಿಗೆ ಏನೋ ಆಗಿದೆ ಎಂದು ಗಾಬರಿಯಾಯಿತು.

ಹದಿನೈದು ದಿನ ಕಳೆದಿರಬೇಕು, ಮುಧೋಳದ ಶಿವಯೋಗೆಪ್ಪ ಜೀಪಿನಲ್ಲಿ ಗಂಟು ಹೇರಿಕೊಂಡು ಬಂದಿಳಿದ. ಮಗಳ ಮದುವೆಗೆ ಬೀಗರಿಗೆಲ್ಲ ಉಡಿಸಲು ಫೋಟೊ ನೋಡಿ ನಲವತ್ತು ಸೀರೆ ತರಿಸಿಕೊಂಡಿದ್ದ. ಗಂಟನ್ನು ಗಾದಿಯ ಮೇಲೆ ಧಪ್ಪನೆ ಒಗೆದು, "ಸಾವಕಾರ್ರ, ನಾವು ಕೇಳಿದ್ದು ಗಜ್ಜರಿ ಬಣ್ಣ. ನೀವು ಕಳಿಸಿದ್ದು ಉಳ್ಳಾಗಡ್ಡಿ ಸಿಪ್ಪಿ. ನಮ್ಮಾಕಿ ಅನಸವ್ವ ಎರಡ ದಿನದಿಂದ ನನ್ನ ಕೂಡ ಮಾತ ಬಿಟ್ಟಾಳ!" ಎಂದ.

"ಗಜ್ಜರಿ ನಮ್ಮಲ್ಲಿ ಇಲ್ಲೇ ಇಲ್ಲರಿ," ಎಂದು ತ್ರಿಶಲಾ ಲ್ಯಾಪ್‌ಟಾಪಿನಲ್ಲಿ ಫೋಟೊ ತೆರೆದು ತೋರಿಸಿದಳು. ಅಚ್ಚ ಉಳ್ಳಾಗಡ್ಡಿ ಸಿಪ್ಪಿ, ಮಾಸಲು ಗುಲಾಬಿ. ಶಿವಯೋಗೆಪ್ಪ ತನ್ನ ಫೋನು ತೆರೆದು ಪಕ್ಕಕ್ಕೆ ಹಿಡಿದ. ಅದೇ ಫೋಟೊ, ಅಚ್ಚ ಗಜ್ಜರಿ, ಕಿತ್ತಳೆಗೆಂಪು. ತ್ರಿಶಲಾಳ ಫೋನಿನಲ್ಲಿ ನೋಡಿದರೆ ಗಜ್ಜರಿ, ಪಾರಿಸಪ್ಪನ ಫೋನಿನಲ್ಲೂ ಗಜ್ಜರಿ. ಅವಳು ಮೂರೂ ಫೋನನ್ನು ಲ್ಯಾಪ್‌ಟಾಪಿನ ಪಕ್ಕಕ್ಕೆ ಸಾಲಾಗಿ ಇಟ್ಟಳು.

ಮಲಕಾಜಪ್ಪ ಕುರ್ಚಿಯಿಂದ ಎದ್ದ. ಹದಿನೈದು ದಿನದಿಂದ ಬಗ್ಗಿದ್ದ ಬೆನ್ನು ನೆಟ್ಟಗಾಯಿತು. "ನಾ ಏನ ಹೇಳಿದ್ನಿ? ಲ್ಯಾಪ್‌ಟಾಪ್ ನೀಲಿ ಹೊಡ್ಯಾಕತ್ತೈತಿ. ಆ ನೀಲಿ ಮ್ಯಾಲ ಬಣ್ಣಾ ಬರೋಬರಿ ಕಾಣಲಿ ಅಂತ ಇಕಿ ಫೋಟೊಕ್ಕ ಹಳದಿ ತುಂಬ್ಯಾಳ. ನೀಲಿ ಇಲ್ಲದ ಫೋನಿನಾಗ ಆ ಹಳದಿ ಅಷ್ಟೂ ಹೊರಗ ಬಿದ್ದೈತಿ. ಕಣ್ಣ ಕೆಟ್ಟಿದ್ದು ನಂದಲ್ಲ, ಆ ಡಬ್ಬೀದು! ಕೊಡ ಇಲ್ಲೆ."

ಡಬ್ಬಿ ಹಿಡಿದುಕೊಂಡು ಉತ್ತರದ ಬಾಗಿಲಿಗೆ ನಡೆದ. ಆಹಾ, ಎಂಥ ನಡಿಗೆ! ಬೆಳಕಿಗೆ ಒಡ್ಡಿ ಮುಚ್ಚಳ ಸರಿಸಿದ. ಗಾಜಿನ ಕಣ್ಣಿನ ಮೇಲೆ ಹಳದಿ ಪೊರೆ. ಪೊರೆಯ ನಡುವೆ ಒಂದು ಅಡ್ಡಗೀರು. ವಯಸ್ಸಿನಲ್ಲಿದ್ದಾಗ ಕತ್ತರಿ ತಗಲಿ ಮಲಕಾಜಪ್ಪನ ಬಲಗೈ ಹೆಬ್ಬಟ್ಟಿನ ಮೇಲೆ ಬಿದ್ದ ಗೀರು ಅದು, ತದ್ರೂಪ.

ಹೆಬ್ಬಟ್ಟನ್ನು ಅದರ ಪಕ್ಕಕ್ಕೆ ಹಿಡಿದು ನೋಡಿದ. ಡಬ್ಬಿ ತಪ್ಪಿರಲಿಲ್ಲ. ಕಣ್ಣಿಗೆ ಹಳದಿ ಪೊರೆ ಕಟ್ಟಿದ್ದರಿಂದ ಲೋಕವೆಲ್ಲ ಹಳದಿಯಾಗಿದೆ ಎಂದು ತಿಳಿದು, ಪಾಪ, ನೀಲಿ ಕೂಡಿಸುತ್ತಿತ್ತು. ಬೇಸಿಗೆಗೆ ಮುಂಚೆ ತನ್ನ ಬಲಗಣ್ಣಿಗೆ ಕಟ್ಟಿದ್ದಂಥ ಪೊರೆ, ತಾನೇ ಕೈಯಾರೆ ಕಟ್ಟಿದ್ದು.

ಯಾರೂ ನೋಡಿರಲಿಲ್ಲ. ಧೋತರದ ಚುಂಗಿನಿಂದ ಒಮ್ಮೆ ಒರೆಸಿದ್ದರೆ ಮುಗಿದೇಹೋಗಿತ್ತು. ಡಬ್ಬಿಗೆ ಕೆಟ್ಟ ಹೆಸರು, ಕುರ್ಚಿ ತನಗೆ, ಸಾಯುವತನಕ. ನಿಜ ಹೇಳಬೇಕೆಂದರೆ ಚುಂಗು ಆಗಲೇ ಆತನ ಕೈಗೆ ಬಂದಿತ್ತು.

ಒಳಗಿನಿಂದ ತ್ರಿಶಲಾಳ ಧ್ವನಿ ಕೇಳಿಸಿತು. "ನಂದ ತಪ್ಪರಿ ಮಾವಾರ. ಕಾಕಾರು ಹೇಳಿದ್ರೂ ನಾ ಕೇಳಲಿಲ್ಲ. ಇನ್ನ ಮ್ಯಾಲೆ ಫೋಟೊ ವ್ಯಾಪಾರ ನನಗ ಬ್ಯಾಡ್ರಿ."

ಮಲಕಾಜಪ್ಪ ಚುಂಗು ಬಿಟ್ಟ. ಆ ಹುಡುಗಿಯ ಮೇಲೆ, ಡಬ್ಬಿಯ ಮೇಲೆ, ತನ್ನ ಮೇಲೆ ಒಟ್ಟಿಗೇ ಸಿಟ್ಟು ಬಂತು. ದಡದಡನೆ ಒಳಗೆ ಬಂದು ಡಬ್ಬಿಯನ್ನೂ ಹೆಬ್ಬಟ್ಟನ್ನೂ ಪಾರಿಸಪ್ಪನ ಮೂಗಿಗೆ ಹಿಡಿದ.

"ನೋಡ್ರಿ ಸಾವಕಾರ್ರ. ಇದು ನನ್ನ ಹೆಬ್ಬಟ್ಟು, ಇದು ಖಂಡಿ ಪೂಜಿ ಅರಿಷಿಣ. ಇಕೀದು ತಪ್ಪಿಲ್ಲ, ಡಬ್ಬೀದೂ ತಪ್ಪಿಲ್ಲ. ಇದಕ್ಕ ಹಣಿ ಇಲ್ಲ ಅಂತ ನಾ ಕಣ್ಣಿಗೇ ಹಚ್ಚೇನಿ. ಕುರ್ಚಿ ತಗಸ್ತೀರಿ, ತಗಸ್ರಿ."

ಮೊದಲು ನಕ್ಕವನು ಸಿಟ್ಟಿನಿಂದ ಬಂದಿದ್ದ ಶಿವಯೋಗೆಪ್ಪನೇ. ಪಾರಿಸಪ್ಪ ಹೊಟ್ಟೆ ಹಿಡಿದುಕೊಂಡು ಗಾದಿಯ ಮೇಲೆ ಒರಗಿದ. ತ್ರಿಶಲಾ ಕಣ್ಣೊರೆಸಿಕೊಳ್ಳುತ್ತಲೇ ಮೆತ್ತನೆಯ ಬಟ್ಟೆ ತಂದು ಗಾಜನ್ನು ಒರೆಸಿ, ಡಬ್ಬಿಯನ್ನು ಮತ್ತೆ ಪರದೆಗೆ ತೂಗಿಬಿಟ್ಟಳು. ಚಹಾ ಬಂತು. ಪರದೆಯ ಮೇಲೆ ಒಂದಾದ ಮೇಲೊಂದು ಬಣ್ಣ ಮೂಡುತ್ತಿದ್ದರೆ ಮಲಕಾಜಪ್ಪ ಹೆಸರು ಹೇಳುತ್ತ ಹೋದ: "ಬದನಿಕಾಯಿ. ಹಸಿ ಮೆಣಸಿನಕಾಯಿ. ಇದು ಕಾಡಿಗಿ. ಇದಕ್ಕ ಹೆಸರಿಲ್ಲ, ನಮ್ಮ ಸೋದರಮಾವನ ರುಮಾಲ ಇತ್ತು ಹಿಂಗ." ಎಲ್ಲ ಮುಗಿದಾಗ ಲ್ಯಾಪ್‌ಟಾಪಿನ ಬಿಳಿ ಬಿಳಿಯಾಗಿತ್ತು. ಅದೇ ಫೋಟೊ ಅಲ್ಲಿಯೂ ಈಗ ಗಜ್ಜರಿಯಾಗಿ ಕಂಡಿತು.

"ಅದು ಹೋಗಲಿ," ಎಂದ ಶಿವಯೋಗೆಪ್ಪ. "ನಮ್ಮಾಕಿಗೆ ಬೇಕಾಗಿದ್ದು ಇದ ಬಣ್ಣ. ಲಗ್ನಕ್ಕ ಇನ್ನೂ ಇಪ್ಪತ್ತೆರಡ ದಿನ ಐತಿ."

"ಅಂಥಾ ಬಣ್ಣ ಜಗತ್ತಿನಾಗ ಇಲ್ಲೋ ಮಾರಾಯಾ, ಅರಿಷಿಣದ ಪುಣ್ಯೇದಿಂದ ಹುಟ್ಟಿದ್ದದು," ಎಂದ ಪಾರಿಸಪ್ಪ. ಹಾಗೆನ್ನುತ್ತಲೇ ಆತನ ಕಣ್ಣು ಮಲಕಾಜಪ್ಪನ ಕಡೆ ತಿರುಗಿತ್ತು.

ಮುಂದಿನ ಎರಡು ದಿನ ಆ ಅಂಗಡಿಯಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. ಮಲಕಾಜಪ್ಪ ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಪರದೆ ನೋಡಿ, ಬಣ್ಣವನ್ನು ಕಣ್ಣಲ್ಲಿ ತುಂಬಿಕೊಂಡು, ಹನ್ನೆರಡು ಹೆಜ್ಜೆ ನಡೆದು ಬಾಗಿಲಿಗೆ ಬಂದು, ಬಣ್ಣದ ಹಂಡೆಯಿಂದ ಎದ್ದ ನೂಲಿನ ಮೇಲೆ ಅದನ್ನು ಇಳಿಸಿ ನೋಡುತ್ತಿದ್ದ. ನಡುವೆ ಖಾಕಿ ಅಂಗಿಯ ಅಂಚೆಯವನು ಅಡ್ಡ ಬಂದು, "ಕಣ್ಣಾಗಿನ ಬಣ್ಣಾ ಚೆಲ್ಲಿತಲ್ಲೋ ಮಾರಾಯಾ!" ಎಂದು ಬೈಸಿಕೊಂಡ. ಒಂಬತ್ತನೆಯ ಲಡಿಗೆ ಆತ ಪಾಸು ಎಂದ. ತ್ರಿಶಲಾ ಅದರ ಫೋಟೊ ತೆಗೆದು ಪರದೆಯ ಮೇಲೆ ಹಳೆಯ ಗಜ್ಜರಿಯ ಪಕ್ಕಕ್ಕಿಟ್ಟು ಹುಡುಕಿದಳು. ಕೂದಲೆಳೆಯಷ್ಟೂ ವ್ಯತ್ಯಾಸ ಸಿಗಲಿಲ್ಲ. "ಲ್ಯಾಪ್‌ಟಾಪೂ ಪಾಸ್ ಅಂತೈತ್ರಿ ಕಾಕಾರ," ಎಂದಳು. ಕುರ್ಚಿಯ ಮಾತನ್ನು ಪಾರಿಸಪ್ಪ ಮತ್ತೆ ಎತ್ತಲಿಲ್ಲ.

ಮದುವೆಯಲ್ಲಿ ನಲವತ್ತು ಹೆಂಗಸರು ಆ ಸೀರೆ ಉಟ್ಟು ಓಡಾಡಿದರು. ಮರುವಾರದಿಂದ ಬೀಳಗಿ, ಜಮಖಂಡಿ, ಅನಗವಾಡಿಯಿಂದೆಲ್ಲ ಅದೇ ಬೇಕೆಂದು ಫೋನು. ಬಣ್ಣಕ್ಕೆ ಹೆಸರಿರಲಿಲ್ಲ. ಶಿವಯೋಗೆಪ್ಪ ಮದುವೆ ಮನೆಯಲ್ಲಿ ಕಥೆಯನ್ನು ಸುಮ್ಮನೆ ಇಟ್ಟುಕೊಂಡಿರಲಿಲ್ಲವಾದ್ದರಿಂದ ಗಿರಾಕಿಗಳೇ ಅದನ್ನು ಹೆಬ್ಬಟ್ಟಿನ ಬಣ್ಣ ಎಂದು ಕರೆದರು. ತ್ರಿಶಲಾ ತನ್ನ ಪಟ್ಟಿಯಲ್ಲಿ ಹಾಗೆಯೇ ಬರೆದಳು.

ಎಡಗಣ್ಣಿನ ಪೊರೆಯನ್ನೂ ತೆಗೆಸಿಕೊಂಡು ಬಂದ ದಿನ ಮಲಕಾಜಪ್ಪ ಅಂಥದೊಂದು ಸೀರೆಯನ್ನು ಮನೆಗೆ ತಂದು ಸಾವಿತ್ರೆವ್ವನ ಉಡಿಗೆ ಹಾಕಿದ. ಅವಳು ಅದನ್ನು ಬಾಗಿಲಿಗೆ ಒಯ್ದು, ಬೆಳಕಿಗೆ ಹಿಡಿದು ನೋಡಿದಳು.

"ಯಾವ ಬಣ್ಣ ಹೇಳು ನೋಡೂಣು?" ಎಂದ ಆತ.

ಸಾವಿತ್ರೆವ್ವ ಸೀರೆ ಬಿಟ್ಟು, ಗಂಡನ ಬಲಗೈ ಹಿಡಿದೆಳೆದು, ಬಣ್ಣ ಕೂಡಿಸಿ ಕೂಡಿಸಿ ಎಷ್ಟು ತೊಳೆದರೂ ಹೋಗದ ಕಲೆ ಕೂತಿದ್ದ ಹೆಬ್ಬಟ್ಟನ್ನು ಸೆರಗಿನ ಪಕ್ಕಕ್ಕಿಟ್ಟಳು. ಕಲೆಯ ಬಣ್ಣ ಸೀರೆಯ ಬಣ್ಣಕ್ಕೆ ಸರಿಯಾಗಿ ಕೂಡಿತು.

"ಇದನ್ನ ಹುಡಕಾಕ ಎರಡ ದಿನ ಬೇಕಾತೇನ್ರಿ?" ಎಂದಳು. "ನಾ ನಲವತ್ತ ವರ್ಷದಿಂದ ನೋಡಾಕತ್ತೇನಿ."